ಬಸ್ ಸ್ಟಾಪಿನ ಡಬ್ಬಿಯಲ್ಲಿ ಏನಿತ್ತು

ಕೋವಿಡ್ ಬಂದ ಮರುವರ್ಷದ ಬೇಸಿಗೆಯಲ್ಲಿ, ಅಮೆರಿಕದ ಜರ್ಮನ್‌ಟೌನಿನಲ್ಲಿರುವ ನಮ್ಮ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನ ಮಕ್ಕಳಿಗೆ ಶನಿವಾರ ಬೆಳಿಗ್ಗೆ ಕನ್ನಡ ಕಥೆ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ವಾರವಿಡೀ ಲ್ಯಾಬಿನಲ್ಲಿ ಮಾಸ್ಕ್ ಹಾಕಿಕೊಂಡು, ಯಾರೊಂದಿಗೂ ಮನಸ್ಸು ಬಿಚ್ಚಿ ಮಾತಾಡದೆ ಇರುತ್ತಿದ್ದ ನನಗೆ ಅದು ಇಷ್ಟದ ಕೆಲಸವೇ ಆಗಿತ್ತು. ಈಜುಕೊಳದ ಪಕ್ಕದಲ್ಲಿ ಒಂದು ಪಿಕ್ನಿಕ್ ಮಂಟಪವಿತ್ತು. ಬಯಲಿನ ಗಾಳಿಯಲ್ಲಿ ಕೂರುವುದರಿಂದ ಅಪ್ಪ ಅಮ್ಮಂದಿರಿಗೂ ಅಷ್ಟು ಹೆದರಿಕೆಯಿರಲಿಲ್ಲ. ಬರುತ್ತಿದ್ದವರು ಆರೇಳು ಪುಟ್ಟ ಮಕ್ಕಳು. ಅವರಲ್ಲಿ ಐದು ತುಂಬಿದ ನನ್ನ ಮಗಳೂ ಒಬ್ಬಳು.

ಮೈಸೂರಿನಿಂದ ಅಮ್ಮ ಕಳಿಸಿದ್ದ ಚಿತ್ರಪುಸ್ತಕಗಳು ನನ್ನ ಬಳಿ ಬೇಕಾದಷ್ಟಿದ್ದವು. ಒಂದು ಪುಟ ಓದುವುದು, ಚಿತ್ರ ತೋರಿಸುವುದು, ಪ್ರಶ್ನೆ ಕೇಳುವುದು ನನ್ನ ಕ್ರಮ. ಆನೆಯ ಬಣ್ಣ ಯಾವುದು? "ಗ್ರೇ." ಮರದ ಮೇಲೆ ಎಷ್ಟು ಹಕ್ಕಿಗಳಿವೆ? "ಫೋರ್." ಹಾಜರಿ ಕರೆದಾಗ ಹೇಳುವ ಹಾಗೆ ಒಂದೊಂದು ಪದ, ಅದೂ ಇಂಗ್ಲಿಷಿನಲ್ಲಿ. ಅಷ್ಟು ಹೇಳಿ ಮತ್ತೆ ಈಜುಕೊಳದ ಕಡೆಗೆ ನೋಡುತ್ತಿದ್ದರು.

ಒಂದು ಶನಿವಾರ ಮಗಳು ಕೈ ಎತ್ತಿದಳು.

"ಅಮ್ಮಾ, ನಿಂಗೆ ಗೊತ್ತಲ್ವಾ?"

"ಏನು ಗೊತ್ತು?"

"ಎಷ್ಟು ಬರ್ಡ್ಸ್ ಅಂತ. ಯು ಆಲ್ರೆಡಿ ನೋ. ಮತ್ತೆ ಯಾಕೆ ಕೇಳ್ತೀಯಾ?"

ಅವಳದು ಅಧಿಕಪ್ರಸಂಗವಲ್ಲ, ನಿಜವಾದ ಕುತೂಹಲ. ಉಳಿದ ಮಕ್ಕಳೂ ಮೊದಲ ಸಲ ನನ್ನ ಮುಖವನ್ನೇ ನೋಡುತ್ತಾ ಕಾದರು.

"ನಿಮಗೆ ಗೊತ್ತಾ ಅಂತ ನೋಡೋಕೆ" ಅಂದೆ.

"ಓ, ಟೆಸ್ಟ್" ಎಂದು ಎದುರು ಬ್ಲಾಕಿನ ಹುಡುಗ ಬೆಂಚಿನ ಮೇಲೆ ಉದ್ದಕ್ಕೆ ಮಲಗಿಬಿಟ್ಟ. ನನಗೆ ನಗು ತಡೆಯಲಾಗಲಿಲ್ಲ. ಆದರೆ ಮಗಳ ಪ್ರಶ್ನೆ ವಾರವಿಡೀ ತಲೆಯಲ್ಲಿ ಸುತ್ತುತ್ತಿತ್ತು. ಉತ್ತರ ನನಗೇ ಗೊತ್ತಿಲ್ಲದ ಪ್ರಶ್ನೆಯೊಂದನ್ನು ಕೇಳಿದರೆ ಹೇಗಿರುತ್ತದೆ?

ಒಂದು ಸಂಜೆ ಮಗಳ ಬಣ್ಣದ ಪೆನ್ಸಿಲ್ ತೆಗೆದುಕೊಂಡು ಚಿತ್ರ ಬಿಡಿಸಲು ಕೂತೆ. ನಮ್ಮ ಕಿಟಕಿಯಿಂದ ಕಾಣುವ ಬಸ್ ಸ್ಟಾಪ್. ಸುತ್ತ ಹಿಮ, ಬಿಳಿ ಹಾಗೇ ಬಿಟ್ಟರೆ ಬಣ್ಣ ಹಚ್ಚುವ ಶ್ರಮವಿಲ್ಲ ನೋಡಿ. ಖಾಲಿ ಬೆಂಚು. ಬೆಂಚಿನ ಮೇಲೆ ಒಂದು ಸ್ಟೀಲ್ ಡಬ್ಬಿ. ಅಡಿಗೆಮನೆಯಿಂದ ಬಂದ ನನ್ನ ಗಂಡ ನೋಡಿದರು.

"ಒಳಗೆ ಏನಿದೆ?"

"ಗೊತ್ತಿಲ್ಲ."

"ಬರೆದಿರೋಳು ನೀನಲ್ವಾ?"

"ಹೊರಗಡೆ ಮಾತ್ರ ಬರೆದಿದೀನಿ."

ಶನಿವಾರ ಆ ಹಾಳೆಯನ್ನು ಮಂಟಪದ ಕಂಬಕ್ಕೆ ಅಂಟಿಸಿ, "ಇದು ಯಾರದು? ಇಲ್ಲಿ ಏನು ನಡೀತಾ ಇದೆ?" ಎಂದು ಕೇಳಿ ಸುಮ್ಮನಾದೆ. ಸುಳಿವು ಕೊಡಬೇಕೆಂದು ನಾಲಿಗೆ ತುದಿಯವರೆಗೆ ಬಂದದ್ದನ್ನು ಕಷ್ಟಪಟ್ಟು ನುಂಗಿಕೊಂಡೆ.

ಕೊನೆಗೆ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ಚಿತ್ರದ ಹತ್ತಿರ ಹೋದಳು. "ಮುಚ್ಚಳ ಸ್ವಲ್ಪ ಓಪನ್ ಇದೆ" ಅಂದಳು. ಮುಚ್ಚಳವನ್ನು ನೆಟ್ಟಗೆ ಬರೆಯಲು ಬಾರದೆ ನಾನು ಓರೆ ಮಾಡಿಟ್ಟಿದ್ದೆ. "ಯಾರೋ ಒಳಗಿಂದ ನೋಡ್ತಿದ್ದಾರೆ."

ಅಷ್ಟು ಸಾಕಾಯಿತು. ಅವತ್ತೂ ಬೆಂಚಿನ ಮೇಲೆ ಮಲಗಿದ್ದ ಎದುರು ಬ್ಲಾಕಿನ ಹುಡುಗ ಎದ್ದು ಕೂತ. ಎಲ್ಲರೂ ಒಟ್ಟಿಗೆ ಇಂಗ್ಲಿಷಿನಲ್ಲಿ ಕಿರುಚತೊಡಗಿದರು. ಎರಡು ಜಡೆಯ ಹುಡುಗಿಯ ಅಜ್ಜಿ ಆಗಷ್ಟೇ ಮೈಸೂರಿನಿಂದ ಬಂದಿದ್ದರು. ಮೊಮ್ಮಗಳ ಜೊತೆ ಬಂದು ಅಲ್ಲೇ ಕೂತಿದ್ದರು. ಇಂಗ್ಲಿಷ್ ಅರ್ಥವಾಗದೆ, "ಏನಂತೆ? ಏನಂತೆ?" ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ಇಷ್ಟು ಆಸೆಯಿಂದ ಕೇಳುವವರನ್ನು ಬಿಡುವುದುಂಟೇ? ಮಕ್ಕಳು ಅವರ ಸುತ್ತ ನೆರೆದು, ತಮಗೆ ಬರುವ ಕನ್ನಡವನ್ನೆಲ್ಲ ಹೊರತೆಗೆದರು.

"ಅಜ್ಜಿ, ಒಳಗೆ ಬಸ್ ಇದೆ" ಎಂದ ಎದುರು ಬ್ಲಾಕಿನ ಹುಡುಗ. "ಬೇಬಿ ಬಸ್. ಅದರ ಅಮ್ಮ ದೊಡ್ಡ ಬಸ್. ಇನ್ನೂ ಬಂದಿಲ್ಲ. ಅದಕ್ಕೇ ವೇಟ್ ಮಾಡ್ತಿದೆ."

"ಅಯ್ಯೋ ಪಾಪ. ಊಟ ಆಯ್ತಂತಾ ಅದಕ್ಕೆ?"

ಹುಡುಗ ಯೋಚಿಸಿದ. "ಇಲ್ಲ. ಪೆಟ್ರೋಲ್ ಕುಡಿಯಲ್ಲ ಅಂತ ಅಳ್ತಿದೆ. ಬಿಸಿ ಇರಬೇಕಂತೆ."

ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನ್ನ ಮಗಳ ಪ್ರಕಾರ ಡಬ್ಬಿಯಲ್ಲಿದ್ದದ್ದು ಬೇಸಿಗೆ. ಯಾರೋ ಅದನ್ನು ಹಿಮ ಕರಗಿಸಲು ತಂದು ಬಸ್ಸಿನ ಆತುರದಲ್ಲಿ ಮರೆತು ಹೋಗಿದ್ದರು. ಮಗಳ ಬಾಯಿಂದ ಅಷ್ಟುದ್ದದ ಕನ್ನಡ ವಾಕ್ಯ ನಾನು ಕೇಳಿದ್ದು ಅದೇ ಮೊದಲು.

ಮರುದಿನ ಪಾರ್ಕಿಂಗ್ ಲಾಟಿನಲ್ಲಿ ಆ ಹುಡುಗನ ತಂದೆ ಸಿಕ್ಕರು. ಫೇರ್‌ಫ್ಯಾಕ್ಸಿನಲ್ಲಿ ಸರ್ಕಾರಿ ಕಾಂಟ್ರ್ಯಾಕ್ಟಿನ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವರು, ಬಹಳ ಅಚ್ಚುಕಟ್ಟಿನ ಮನುಷ್ಯ.

"ಮೇಡಂ, ಆ ಡಬ್ಬಿದು ಕರೆಕ್ಟ್ ಆನ್ಸರ್ ಏನು ಅಂತ ಹೇಳಿಬಿಡಿ. ಮನೇಲಿ ತಲೆ ತಿಂತಾ ಇದಾನೆ."

"ನನಗೂ ಗೊತ್ತಿಲ್ಲ."

"ಹಾಗಂದ್ರೆ ಹೇಗೆ? ಏನೋ ಒಂದು ಇರಲೇಬೇಕಲ್ಲ?"

"ಶನಿವಾರ ಬಂದು ನೀವೇ ನೋಡಿ."

ನಿಜವಾಗಿಯೂ ಬಂದರು. ಕಾಫಿ ಹಿಡಿದು ಸ್ವಲ್ಪ ದೂರದಲ್ಲಿ ನಿಂತು, ಚಿತ್ರವನ್ನು ಬಹಳ ಹೊತ್ತು ಪರೀಕ್ಷಿಸಿದರು. "ನೋಡಿ, ಆಫೀಸಿಗೆ ಹೋಗೋರು ಬಿಟ್ಟು ಹೋಗಿರೋ ಡಬ್ಬಿ. ಒಳಗೆ ಮೊಸರನ್ನ. ಅಷ್ಟೇ."

"ಅಪ್ಪಾ, ಮೊಸರನ್ನ ಮುಚ್ಚಳ ಓಪನ್ ಮಾಡಲ್ಲ" ಎಂದ ಮಗ.

"ಹುಳಿ ಬಂದು ಉಬ್ಬಿರುತ್ತೆ ಕಣೋ."

"ಹಿಮದಲ್ಲಿ ಹುಳಿ ಬರುತ್ತಾ?"

ಅಪ್ಪ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟು, ಬೆಂಚಿನ ಮೇಲೆ ಕೂತು, "ಸರಿ, ಹಾಗಾದರೆ ಅದು ಮಾಮೂಲಿ ಮೊಸರನ್ನ ಅಲ್ಲ" ಎಂದು ಶುರುಮಾಡಿದರು. ಮೊಸರನ್ನಕ್ಕೆ ಚಳಿಯಾಗಿ, ಒಗ್ಗರಣೆಯ ಸಾಸಿವೆ ಕಾಳುಗಳು ಒಂದಕ್ಕೊಂದು ಒತ್ತಿಕೊಂಡು ಕೂತು, ಯಾವ ಬಸ್ಸು ಹತ್ತಿದರೆ ಬಿಸಿ ಒಲೆಯಿರುವ ಮನೆ ಸಿಗುತ್ತದೆಂದು ಚರ್ಚೆ ಮಾಡುವ ಕಥೆ ಬಿಸಿಲೇರುವವರೆಗೂ ನಡೆಯಿತು. ಮಗ ಅಪ್ಪನ ತೊಡೆಗೆ ಒರಗಿ, ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಗಂಡ ಅಷ್ಟು ಮಾತಾಡಿದ್ದನ್ನು ಮದುವೆಯಾದಂದಿನಿಂದ ನೋಡಿಲ್ಲವೆಂದು ಅವರ ಹೆಂಡತಿ ಆಮೇಲೆ ಹೇಳಿದರು.

ಅಟ್ಲಾಂಟಾ ಬಳಿಯ ನಾರ್‌ಕ್ರಾಸಿನಲ್ಲಿರುವ ನನ್ನ ತಂಗಿಗೆ ಚಿತ್ರದ ಫೋಟೊ ಕಳಿಸಿದೆ. ಅವಳು ಅಲ್ಲಿನ ಮಕ್ಕಳಿಗೆ ತೋರಿಸಿ ಸಂಜೆ ಫೋನ್ ಮಾಡಿದಳು.

"ಅಕ್ಕಾ, ಇಲ್ಲಿಯವರಿಗೆ ಹಿಮ ಅಂತ ಹೊಳೆಯಲೇ ಇಲ್ಲ. ಅದು ಅಕ್ಕಿ ಹಿಟ್ಟಂತೆ. ಇಂಡಿಯನ್ ಸ್ಟೋರಿಂದ ಬಂದ ಬಸ್ಸಿಂದ ಮೂಟೆ ಒಡೆದು ರೋಡೆಲ್ಲಾ ಚೆಲ್ಲಿದೆ. ಡಬ್ಬಿ ಇಟ್ಟಿರೋದು ತುಂಬಿಸಿಕೊಂಡು ಹೋಗೋಕೆ."

ಆ ಸಂಜೆ ಅಕ್ಕ ತಂಗಿ ಇಬ್ಬರೂ ಫೋನಿನಲ್ಲಿ ನಕ್ಕಷ್ಟು ಸಾಂಕ್ರಾಮಿಕ ಶುರುವಾದ ಮೇಲೆ ನಕ್ಕಿರಲಿಲ್ಲ. ಬೇಸಿಗೆ ಮುಗಿಯುವ ಮೊದಲು ಅವಳ ಮನೆಗೆ ಹೋಗಿ ಬರೋಣವೆಂದು ಹೊರಟೆವು. ಅಲ್ಲಿ ನನ್ನ ಮಗಳೂ ತಂಗಿಯ ಮಗಳೂ ಹಿಮವೋ ಹಿಟ್ಟೋ ಎಂದು ಎರಡು ದಿನ ವಾದ ಮಾಡಿ, ಕೊನೆಗೆ ಕಥೆಯ ಆ ಬಿಳಿ ನೆಲದಲ್ಲಿ ಚಕ್ಕುಲಿಯ ಮರಗಳನ್ನು ನೆಟ್ಟು ರಾಜಿಯಾದರು.

ವಾಪಸು ಬರುವಾಗ ಕ್ಯಾರೊಲೈನಾದ ಹೆದ್ದಾರಿಯಲ್ಲಿ ನಮ್ಮ ಮುಂದೆ ಒಂದು ದೊಡ್ಡ ಟ್ರಕ್ ಹೋಗುತ್ತಿತ್ತು. ಅದರ ಮೇಲೆ ಅರ್ಧ ಮನೆ. ಕಾರ್ಖಾನೆಯಲ್ಲಿ ಕಟ್ಟಿದ ಮನೆಗಳನ್ನು ಇಲ್ಲಿ ಎರಡು ಭಾಗ ಮಾಡಿ ಹೀಗೆ ಸಾಗಿಸುತ್ತಾರೆ. ಒಂದು ಬದಿಯಲ್ಲಿ ಕಿಟಕಿ, ಬಾಗಿಲು. ಇನ್ನೊಂದು ಬದಿಗೆ ಗೋಡೆಯೇ ಇಲ್ಲ, ಬರೀ ಪ್ಲಾಸ್ಟಿಕ್ ಹೊದಿಕೆ ಗಾಳಿಗೆ ಪಟಪಟ ಬಡಿಯುತ್ತಿತ್ತು. ಇನ್ನರ್ಧವನ್ನು ಹೊತ್ತ ಟ್ರಕ್ ಎಲ್ಲೂ ಕಾಣಲಿಲ್ಲ.

"ಈ ಅರ್ಧದಲ್ಲಿ ಯಾರಿದ್ದಾರೆ?" ಎಂದಳು ಮಗಳು ಹಿಂದಿನ ಸೀಟಿನಿಂದ.

"ನಿಂಗೆ ಗೊತ್ತಾ?" ಎಂದು ನಾನು ಕೇಳಿದೆ.

"ಇಲ್ಲ. ಅದಕ್ಕೇ ಕೇಳ್ತಿದೀನಿ."

ಡ್ರೈವ್ ಮಾಡುತ್ತಿದ್ದ ನನ್ನ ಗಂಡ ಗಂಟಲು ಸರಿಮಾಡಿಕೊಂಡು, "ಅಡಿಗೆಮನೆ ಈ ಕಡೆ ಬಂದುಬಿಟ್ಟಿದೆ, ಹಸಿದವರೆಲ್ಲ ಆ ಕಡೆ ಉಳಿದಿದ್ದಾರೆ" ಎಂದರು. ಮಗಳು ಹಾಗಲ್ಲವೆಂದಳು. ನಾನೂ ಹಾಗಲ್ಲವೆಂದೆ. ಮೂವರೂ ಸೇರಿ ಆ ಮನೆಗೆ ಜನ ತುಂಬಿಸುತ್ತಾ ಹೋದೆವು. ಪೆಟ್ರೋಲ್ ಹಾಕಿಸಲು ಇಳಿಯಬೇಕಿದ್ದ ಎಕ್ಸಿಟ್ ತಪ್ಪಿಹೋದದ್ದು ಯಾರ ಗಮನಕ್ಕೂ ಬರಲಿಲ್ಲ.