ಸದ್ದು ಮಾಡದ ಕಹಳೆ ಟೀಚರ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮರ ಕೊಯ್ಯುವ ಮಿಲ್ಲಿನ ಗೋಡೆಗೆ ಅಂಟಿಕೊಂಡಿರುವ ಸರ್ಕಾರಿ ಪ್ರಾಥಮಿಕ ಶಾಲೆಯ ಒಂದೇ ಒಂದು ಕೋಣೆಯಲ್ಲಿ ದೀಪ ಉರಿಯುತ್ತಿದೆ. ಒಳಗೆ ಟೀಚರೊಬ್ಬರು ಸ್ಟೂಲು ಹತ್ತಿ ನಿಂತು ಬೋರ್ಡಿನ ಮೇಲಿನ ತುದಿಯಿಂದ ಬರೆಯಲು ಶುರು ಮಾಡಿದ್ದಾರೆ. ಕೋಣೆಗೆ ಮೂರು ಬೋರ್ಡು, ಮೂರು ಗೋಡೆಗೆ ಒಂದೊಂದು. ಒಂದನೇ ತರಗತಿಯ ಬೋರ್ಡಿನಲ್ಲಿ ಚಿತ್ರ, ಎರಡನೆಯದರಲ್ಲಿ ಲೆಕ್ಕ, ಮೂರನೆಯದರಲ್ಲಿ ಉದ್ದುದ್ದ ವಾಕ್ಯಗಳು. ದಿನವಿಡೀ ಬಾಯಲ್ಲಿ ಹೇಳಬೇಕಾದದ್ದನ್ನೆಲ್ಲ ಮಕ್ಕಳು ಬರುವ ಮುಂಚೆ ಕೈಯಲ್ಲಿ ಹೇಳಿ ಮುಗಿಸಬೇಕು.

ಬೀದಿಯವರಿಗೆಲ್ಲ ಇವರು ಕಹಳೆ ಟೀಚರ್. ಇಪ್ಪತ್ತು ವರ್ಷದಿಂದ ಇದೇ ಶಾಲೆ. ಜಗಲಿಯಲ್ಲಿ ನಿಂತು ಇವರು ಒಂದು ಕೂಗು ಹಾಕಿದರೆ ಬೀದಿಯ ಕೊನೆಯ ಮನೆಯಲ್ಲಿ ಮುಸುಕು ಹೊದ್ದ ಸೋಮಾರಿಯೂ ಎದ್ದು ಚೀಲ ಹುಡುಕುತ್ತಿದ್ದನಂತೆ. ಹೆಸರು ಹಾಗೇ ಉಳಿದಿದೆ, ದನಿ ಉಳಿದಿಲ್ಲ. ಎರಡು ತಿಂಗಳಿಂದ ಈ ಕಹಳೆ ಒಂದು ಮಾತೂ ಆಡಿಲ್ಲ. ಒಂದು ದಿನವೂ ಶಾಲೆ ತಪ್ಪಿಸಿಲ್ಲ. ಬಾಯಿ ಬಿಡದೆ ಮೂರು ತರಗತಿಗೆ ಪಾಠ ಮಾಡುವುದು ಸಾಧ್ಯವೇ? 'ಮಾತು ಬೆಳ್ಳಿ, ಮೌನ ಬಂಗಾರ' ಎನ್ನುವ ದೊಡ್ಡ ಮನುಷ್ಯರು ಒಂದು ದಿನ ಈ ಕೋಣೆಯ ಮೂವತ್ತೆಂಟು ಮಕ್ಕಳ ಮುಂದೆ ನಿಂತು ನೋಡಬೇಕು.

ಪತ್ರಿಕೆಗೆ ಬರೆಯಲು ಬಂದವರಿಗೂ ಇವರೊಂದಿಗೆ ಮಾತುಕತೆ ಎಂದರೆ ಸ್ಲೇಟು. ಪ್ರಶ್ನೆ ಬಾಯಲ್ಲಿ, ಉತ್ತರ ಬಳಪದಲ್ಲಿ. ಬರೆಯುತ್ತಾರೆ, ತಿರುಗಿಸಿ ತೋರಿಸುತ್ತಾರೆ, ಅಂಗೈಯಿಂದ ಒರೆಸುತ್ತಾರೆ. ಗಂಟಲಿಗೆ ಏನಾಯಿತು ಎಂದರೆ "ಸವೀತು" ಎಂದು ಬರೆದು ನಗುತ್ತಾರೆ. ಆಮೇಲೆ ಉಳಿದದ್ದು ಬರುತ್ತದೆ: "ಮಿಲ್ಲಿನ ಗರಗಸ ಕೂಗುತ್ತೆ. ನಾನು ಅದಕ್ಕಿಂತ ಜೋರಾಗಿ ಕೂಗ್ತಿದ್ದೆ. ಅದಕ್ಕೆ ಎಣ್ಣೆ ಬಿಡೋರಾದ್ರೂ ಇದ್ರು."

ಶಾಲೆಗೆ ಇರುವುದು ಇಬ್ಬರೇ. ನಾಲ್ಕು, ಐದನೇ ತರಗತಿ ಹೆಡ್‌ಮೇಷ್ಟ್ರದ್ದು. ಒಳ್ಳೆಯ ಮನುಷ್ಯ, ಆದರೆ ವಾರದಲ್ಲಿ ಎರಡು ದಿನ ಮೀಟಿಂಗು, ಒಂದು ದಿನ ಮನೆಮನೆ ಸಮೀಕ್ಷೆ, ಇನ್ನೊಂದು ದಿನ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಶಾಲೆಯ ಮಾಹಿತಿ ತುಂಬುವುದು. ಆ ದಿನಗಳಲ್ಲಿ ಐದೂ ತರಗತಿ ಟೀಚರ್ ಕೊರಳಿಗೇ ಬೀಳುತ್ತವೆ. ಮಿಲ್ಲಿನ ಕಡೆಯ ಕಿಟಕಿ ಮುಚ್ಚಿದರೆ ಗಾಳಿಯಿಲ್ಲ, ತೆರೆದರೆ ಗರಗಸ. ಇಪ್ಪತ್ತು ವರ್ಷ ಅವರು ತೆರೆದೇ ಇಟ್ಟು, ಗಂಟಲು ಹರಿದುಕೊಂಡು ಪಾಠ ಮಾಡಿದ್ದಾರೆ.

ದನಿ ಮೊದಲು ಒಡೆಯಿತು, ಆಮೇಲೆ ಸಂಜೆ ಹೊತ್ತಿಗೆ ಮಾಯವಾಗತೊಡಗಿತು, ಕೊನೆಗೆ ಬೆಳಿಗ್ಗೆಯೂ ಬರಲಿಲ್ಲ. ಗಂಟಲಿನ ಡಾಕ್ಟರು ಒಳಗೆ ಕೊಳವೆ ಇಳಿಸಿ ನೋಡಿ, ದನಿ ಹೊರಡುವ ಜಾಗದಲ್ಲಿ ಎರಡು ಪುಟ್ಟ ಗಂಟು ಬೆಳೆದಿವೆ ಎಂದರು. ಕೆಲವು ತಿಂಗಳು ಮಾತು ಪೂರ್ತಿ ನಿಲ್ಲಿಸಿದರೆ ಕರಗಬಹುದು. ಇಲ್ಲವಾದರೆ ಆಪರೇಷನ್, ಅದಾದ ಮೇಲೆ ಹಳೆಯ ದನಿ ಬರುತ್ತದೆಂದು ಅವರು ಮಾತು ಕೊಡಲಾರರು. ಪಿಸುಗುಟ್ಟುವುದೂ ಬೇಡ, ರಜೆ ಹಾಕಿ ಮನೆಯಲ್ಲಿರಿ ಎಂಬುದು ಅವರ ಕಟ್ಟಪ್ಪಣೆ.

ರಜೆ ಸಿಗುತ್ತಿತ್ತು. ಬದಲಿ ಟೀಚರ್ ಸಿಗುತ್ತಿರಲಿಲ್ಲ. ಕೆಲವು ವರ್ಷದ ಹಿಂದೆ ಕಾಲು ಮುರಿದು ಮನೆಯಲ್ಲಿ ಮಲಗಿದ್ದಾಗಲೂ ಸಿಕ್ಕಿರಲಿಲ್ಲ. ವಾಪಸು ಬಂದಾಗ ಮಕ್ಕಳೆಲ್ಲ ಬಂದರು, ಒಬ್ಬಳು ಬರಲಿಲ್ಲ. ಎಲ್ಲೂ ತಡವರಿಸದೆ ಓದುತ್ತಿದ್ದ ಆ ಹುಡುಗಿಯನ್ನು, ಹೇಗೂ ಟೀಚರ್ ಇಲ್ಲವಲ್ಲ ಎಂದು, ಮನೆಯವರು ತಮ್ಮನನ್ನು ನೋಡಿಕೊಳ್ಳಲು ಹಚ್ಚಿದ್ದರು. ಟೀಚರ್ ಎಷ್ಟು ಸಲ ಆ ಮನೆಯ ಮೆಟ್ಟಿಲು ಹತ್ತಿಳಿದರೂ ಕೆಲಸ ಆಗಲಿಲ್ಲ. ಈಗಲೂ ಅವಳು ನಲ್ಲಿಯ ಹತ್ತಿರ ಸಿಕ್ಕಾಗ ಚೆನ್ನಾಗಿದ್ದೀರಾ ಟೀಚರ್ ಎಂದು ವಿಚಾರಿಸುತ್ತಾಳೆ. ಇದನ್ನು ಬರೆದ ಮೇಲೆ ಟೀಚರ್ ಸ್ಲೇಟನ್ನು ಬೇಗ ಒರೆಸುವುದಿಲ್ಲ. ಕೆಳಗೆ ಇನ್ನೊಂದು ಸಾಲು ಸೇರಿಸುತ್ತಾರೆ: "ಕಾಲು ಮುರಿದಾಗ ಒಂದು ಮಗು ಹೋಯ್ತು. ಗಂಟಲಿಗೆ ಎಷ್ಟು ಹೋಗ್ತಿದ್ವೋ."

ಮಕ್ಕಳು ಬರುತ್ತಾರೆ. ಟೀಚರ್ ಕೈಯಲ್ಲಿ ಅಂಗೈಯಗಲದ ಎರಡು ಮರದ ತುಂಡು. ಒಂದು ಸಲ ಕುಟ್ಟಿದರೆ ನನ್ನ ಕಡೆ ನೋಡಿ ಎಂದರ್ಥ, ಎರಡು ಸಲ ಕುಟ್ಟಿದರೆ ಜಾಗ ಬದಲಿಸಿ. ಮೂರನೆಯವರು ಎರಡನೆಯವರಿಗೆ ಬೋರ್ಡು ಓದಿ ಹೇಳುತ್ತಾರೆ. ಎರಡನೆಯವರು ಒಂದನೆಯವರ ಪಕ್ಕ ಕೂತು ಅಕ್ಷರ ತಿದ್ದಿಸುತ್ತಾರೆ, ಥೇಟ್ ಟೀಚರ್ ಹಾಗೆಯೇ ಹುಬ್ಬು ಗಂಟಿಕ್ಕಿಕೊಂಡು. ಆದರೆ ಎಲ್ಲಕ್ಕಿಂತ ವಿಚಿತ್ರವಾದದ್ದು ಬೇರೆಯೇ ಇದೆ. ಕೋಣೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಜಗಳವೂ ಪಿಸುಮಾತಿನಲ್ಲೇ ನಡೆಯುತ್ತದೆ. ರಬ್ಬರ್ ಕದ್ದವನನ್ನು ಕದ್ದವನು ಎಂದು ಕರೆಯುವುದೂ ಕಿವಿಯಲ್ಲೇ.

ಇದು ಯಾರೂ ಕಲಿಸಿದ ಶಿಸ್ತಲ್ಲ. ಮೊದಲ ದಿನ ಟೀಚರ್ 'ನನ್ನ ಗಂಟಲಿಗೆ ನೋವಾಗಿದೆ, ಸದ್ದು ಮಾಡುವ ಹಾಗಿಲ್ಲ' ಎಂದು ಬೋರ್ಡಿನ ಮೇಲೆ ಬರೆದಿದ್ದರು. ಮೂರನೆಯವರು ಅದನ್ನು ಒಂದನೆಯವರಿಗೆ ಓದಿ ಹೇಳಿದರು. ಯಾರು ಸದ್ದು ಮಾಡುವ ಹಾಗಿಲ್ಲ ಎಂದು ಒಂದನೆಯವರು ಕೇಳಲಿಲ್ಲ. ಕೋಣೆಯಲ್ಲಿ ಎಲ್ಲಿ ಸದ್ದಾದರೂ ಅದು ಟೀಚರ್ ಗಂಟಲಿಗೇ ಹೋಗಿ ಚುಚ್ಚುತ್ತದೆ ಎಂದು ನಂಬಿಬಿಟ್ಟರು. ಯಾರಾದರೂ ತಟ್ಟೆ ಬೀಳಿಸಿದರೆ ಇವತ್ತಿಗೂ ಅಷ್ಟೂ ತಲೆಗಳು ಗಾಬರಿಯಿಂದ ಟೀಚರ್ ಕಡೆ ತಿರುಗುತ್ತವೆ. ತಪ್ಪು ತಿದ್ದುವುದೇ ಅವರ ಕಸುಬು, ಇದೊಂದನ್ನು ತಿದ್ದಲು ಮನಸ್ಸು ಬಂದಿಲ್ಲ.

ಸದ್ದು ಅಡಗಿದ ಮೇಲೆ ಟೀಚರ್ ಕಿವಿಗೆ ಬೇರೇನೋ ಬೀಳತೊಡಗಿದೆ. ಮೊದಲು ಮಗ್ಗಿಯನ್ನು ಅವರು ಹೇಳಿಕೊಡುತ್ತಿದ್ದರು, ಇಡೀ ತರಗತಿ ಒಕ್ಕೊರಲಿನಿಂದ ಕೂಗುತ್ತಿತ್ತು. ಈಗ ಒಬ್ಬೊಬ್ಬರೇ ಅವರ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳುತ್ತಾರೆ. ಮೂರನೆಯವರಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಆರರ ಮಗ್ಗಿ ನಡುವಿನಲ್ಲಿ ಕೈ ಕೊಡುತ್ತದೆಂದು ತಿಳಿದದ್ದೇ ಆಗ. "ಎಲ್ಲರಿಗೂ ಬರುತ್ತೆ ಅಂದ್ಕೊಂಡಿದ್ದೆ. ಬರ್ತಿದ್ದದ್ದು ರಾಗ ಅಷ್ಟೇ" ಎಂದು ಬರೆಯುತ್ತಾರೆ. ಹಾಗಾದರೆ ಮೌನದಿಂದ ಒಳ್ಳೆಯದೇ ಆಯಿತಲ್ಲ ಎಂದರೆ ಮುಖ ಬಿಗಿಯಾಗುತ್ತದೆ, ಬಳಪ ಕಿರ್ರೆನ್ನುತ್ತದೆ: "ಹಾಗಂತ ಮಾತ್ರ ಬರೀಬೇಡಿ. ಈ ಮೂರು ತರಗತಿಗೆ ಇಬ್ಬರಿದ್ದಿದ್ರೆ ಗಂಟಲು ಕಳ್ಕೊಳ್ಳದೇನೇ ಇದು ಗೊತ್ತಾಗ್ತಿತ್ತು."

ಆ ಮರದ ತುಂಡು ಬಂದದ್ದು ಪಕ್ಕದ ಮಿಲ್ಲಿನಿಂದ. ಎರಡು ವಾರ ಕಹಳೆ ಕೇಳಿಸದಿದ್ದಾಗ ಮಿಲ್ಲಿನ ಮೇಸ್ತ್ರಿ ಅನುಮಾನದಿಂದ ಇಣುಕಿ ನೋಡಿದನಂತೆ. ವಿಷಯ ತಿಳಿದು ಬಾಗಿಲಲ್ಲೇ ತಲೆ ಕೆರೆದುಕೊಂಡು ನಿಂತ. ದೊಡ್ಡ ದಿಮ್ಮಿ ಕೊಯ್ಯುವುದನ್ನು ಮಧ್ಯಾಹ್ನದ ಮೇಲೆ ಇಟ್ಟುಕೊಂಡರೂ ನಡೆಯುತ್ತದೆ, ಬೆಳಿಗ್ಗೆ ಲಾರಿಗೆ ತುಂಬುವ ಕೆಲಸ ಮಾಡಬಹುದು ಎಂದ. ಮರುದಿನ ಕುಟ್ಟಲೆಂದು ಆ ಎರಡು ತುಂಡನ್ನೂ ತಂದುಕೊಟ್ಟ, ಅಂದಿನಿಂದ ಮಿಲ್ಲಿನಲ್ಲಿ ಹಾಗೇ ನಡೆಯುತ್ತಿದೆ. "ಇಷ್ಟು ವರ್ಷ ಯಾಕಕ್ಕಾ ಕೇಳಲಿಲ್ಲ?" ಎಂದು ಅವನು ಕೇಳಿದ್ದಕ್ಕೆ ಟೀಚರ್ ಬರೆದದ್ದು: "ಕೂಗೋದೂ ಸಂಬಳದ ಕೆಲಸ ಅಂದ್ಕೊಂಡಿದ್ದೆ."

ಮನೆಯ ಕಥೆ ಇನ್ನೊಂದು. ಅತ್ತೆಗೆ ಕಿವಿ ಮಂದ, ಸೊಸೆಗೆ ಬಾಯಿಲ್ಲ, ಅತ್ತೆಯ ಕನ್ನಡಕಕ್ಕೆ ಸ್ಲೇಟು ಕಾಣುವುದಿಲ್ಲ. ಬಸ್ ಓಡಿಸಿ ದಣಿದು ಬರುವ ಗಂಡ ನಡುವೆ ಕೂತು ಒಬ್ಬರ ಬರಹವನ್ನು ಇನ್ನೊಬ್ಬರ ಕಿವಿಗೆ ಕೂಗಬೇಕು. ಅವರ ದನಿಯೂ ಈಚೆಗೆ ಒಡೆಯುತ್ತಿದೆಯಂತೆ. ಅತ್ತೆಗೆ ಇರುವ ದೂರು ಒಂದೇ. "ಊರ ಮಕ್ಕಳಿಗೆ ಎಲ್ಲಾ ಕೂಗಿ ಮುಗಿಸಿಬಿಟ್ಟಳು, ನನ್ನ ಪಾಲಿಗೆ ಒಂದು 'ಅತ್ತೆ'ನೂ ಉಳಿಸಲಿಲ್ಲ" ಎನ್ನುತ್ತಾ ಅವರೇ ಸೊಸೆಗೆ ಬಿಸಿನೀರು ಕಾಯಿಸಿ ತಂದಿಡುತ್ತಾರೆ.

ಕಳೆದ ತಿಂಗಳು ಇಲಾಖೆಯ ಸಾಹೇಬರೊಬ್ಬರು ಹೇಳದೆ ಕೇಳದೆ ಬಂದಿದ್ದರು. ಗೇಟಿನವರೆಗೆ ಬಂದರೂ ಶಾಲೆಯಿಂದ ಒಂದು ಸದ್ದಿಲ್ಲ. ಶಾಲೆಗೆ ಬೀಗ ಹಾಕಿದ್ದಾರೆಂದು ಸಿಟ್ಟಿನಿಂದ ಮೀಟಿಂಗಿನಲ್ಲಿದ್ದ ಹೆಡ್‌ಮೇಷ್ಟ್ರಿಗೆ ಫೋನು ಹಚ್ಚಿ, ಬೈಯುತ್ತಲೇ ಬಂದು ಬಾಗಿಲು ತಳ್ಳಿದರು. ನೋಡಿದರೆ ಕೋಣೆ ತುಂಬ ಮಕ್ಕಳು. ಒಂದನೇ ತರಗತಿಯ ಪುಟ್ಟಿಯೊಬ್ಬಳು ಎದ್ದು ಬಂದು ಅವರ ಅಂಗಿ ಜಗ್ಗಿದಳು. "ಮೆತ್ತಗೆ ಮಾತಾಡಿ. ಟೀಚರ್‌ಗೆ ನೋವಾಗುತ್ತೆ." ಸಾಹೇಬರು ಫೋನು ಆರಿಸಿದರು. ಆಮೇಲೆ ತಪಾಸಣೆ ಪೂರ್ತಿ ಪಿಸುಮಾತಿನಲ್ಲೇ ನಡೆಯಿತು. ಒಂದೊಂದು ಮಗುವಿನ ಪಕ್ಕ ಬಗ್ಗಿ, ಕಿವಿಯಲ್ಲಿ ಪ್ರಶ್ನೆ ಕೇಳಿ, ಕಿವಿಯಲ್ಲಿ ಉತ್ತರ ಪಡೆದರು. ಹೊರಡುವಾಗ ಟೀಚರ್ ಸ್ಲೇಟು ಹಿಡಿದರು: ಇನ್ನೊಬ್ಬ ಟೀಚರ್ ಬೇಕು. ಕೊಡಿಸುತ್ತೇನೆಂದು ಅವರೂ ಪಿಸುಗುಟ್ಟಿ ಹೋದರು. ಜೋರಾಗಿ ಹೇಳಿದ ಮಾತೇ ಇಲಾಖೆಯಲ್ಲಿ ಕೇಳಿಸುವುದು ಕಷ್ಟ, ಪಿಸುಗುಟ್ಟಿದ್ದು ಎಲ್ಲಿಯವರೆಗೆ ಹೋಗಿದೆಯೋ ಇನ್ನೂ ತಿಳಿದಿಲ್ಲ.

ಈ ವಾರ ಡಾಕ್ಟರು ಮತ್ತೆ ಕೊಳವೆ ಇಳಿಸಿ ನೋಡಿದ್ದಾರೆ. ಗಂಟುಗಳು ಕರಗುತ್ತಿವೆ, ಆಪರೇಷನ್ ಸದ್ಯಕ್ಕೆ ಬೇಡ. ಆದರೆ ಮತ್ತೆ ಐದು ತರಗತಿಗೆ ಒಬ್ಬರೇ ಕೂಗಲು ನಿಂತರೆ ಈ ಸಲ ಹೋದ ದನಿ ತಿರುಗಿ ಬರುವುದಿಲ್ಲ ಎಂದೂ ಹೇಳಿದ್ದಾರೆ. ಸದ್ಯಕ್ಕೆ ದಿನಕ್ಕೆ ಹತ್ತು ನಿಮಿಷ, ಮೆಲ್ಲಗೆ, ಮಾತಾಡಬಹುದು. ಆ ಹತ್ತರಲ್ಲಿ ಎರಡು ನಿಮಿಷ ತನಗೆಂದು ಅತ್ತೆ ಆಗಲೇ ಮುಂಗಡ ಕೇಳಿಟ್ಟಿದ್ದಾರೆ.

ಉಳಿದದ್ದನ್ನು ಯಾವುದಕ್ಕೆ ಖರ್ಚು ಮಾಡುತ್ತಾರೆ? ಪಾಠಕ್ಕಲ್ಲ. ಇವತ್ತು ಟೀಚರ್ ಕುರ್ಚಿ ಎಳೆದುಕೊಂಡು ಮಕ್ಕಳ ನಡುವೆ ಕೂತು ಹಾಜರಿ ಕರೆಯುತ್ತಾರೆ. ದನಿ ತಗ್ಗಾಗಿದೆ, ಸ್ವಲ್ಪ ಒರಟಾಗಿದೆ, ಪಕ್ಕದ ಬೆಂಚಿನಾಚೆ ಹೋಗುವುದಿಲ್ಲ. ಮೊದಲ ಹೆಸರಿನ ಹುಡುಗ ಬಾಯಿ ತೆರೆದು ನೋಡುತ್ತಲೇ ಇದ್ದಾನೆ. ಎರಡನೆಯ ಹೆಸರಿನ ಹೊತ್ತಿಗೆ ಮಕ್ಕಳೆಲ್ಲ ಮುಂದಕ್ಕೆ ಸರಿದು ಬಂದಿದ್ದಾರೆ. ಸಾಹೇಬರ ಅಂಗಿ ಜಗ್ಗಿದ ಪುಟ್ಟಿಯ ಸರದಿ ಬಂದಾಗ ಅವಳು ಹಾಜರ್ ಎನ್ನುವುದಿಲ್ಲ. ಟೀಚರ್ ಗಂಟಲ ಮೇಲೆ ಕೈಯಿಟ್ಟು ಕೇಳುತ್ತಾಳೆ: "ನೋಯ್ತಾ?"

ಇಲ್ಲವೆಂದು ಟೀಚರ್ ತಲೆಯಾಡಿಸುತ್ತಾರೆ. ಕಣ್ಣು ತುಂಬಿಕೊಂಡಿದೆ, ಅದನ್ನು ಮುಚ್ಚಿಡುವುದಿಲ್ಲ. ಮೂವತ್ತೆಂಟೂ ಹೆಸರು ಕರೆದು ಮುಗಿಸುತ್ತಾರೆ. ಇವತ್ತು ಯಾರೂ ತಪ್ಪಿಸಿಕೊಂಡಿಲ್ಲ.

ಬರೆಯಲು ಬಂದವರನ್ನು ಬೀಳ್ಕೊಡಲು ಬಾಗಿಲಿಗೆ ಬಂದಾಗ ಟೀಚರ್ ಕೈಯಲ್ಲಿ ಮತ್ತೆ ಸ್ಲೇಟು. ಆ ಹಳೆಯ ಕಹಳೆ ಒಮ್ಮೆ ಕೇಳಬೇಕಿತ್ತು ಎಂದದ್ದಕ್ಕೆ ಬರೆದು, ತಿರುಗಿಸಿ ಹಿಡಿಯುತ್ತಾರೆ: "ಇನ್ನೊಬ್ಬ ಟೀಚರ್ ಬಂದ ದಿನ ಬನ್ನಿ. ಅವರ ಹೆಸರು ಹಿಡಿದು ಒಂದೇ ಒಂದು ಸಲ ಕೂಗ್ತೀನಿ."