ಬಸ್ಸಿಗೆ ಕಾಯದೆ ತೀರಿಕೊಂಡ ವಿಕ್ಟರಣ್ಣನ ನಾಯಕತ್ವ

ನಂಬಲಾಗುತ್ತಿಲ್ಲ ಗೆಳೆಯರೇ…
ಬೆಳಿಗ್ಗೆ ಮೈಕ್ ಹಿಡಿದು ನಿಂತಿದ್ದನ್ನು ಕಣ್ಣಾರೆ ಕಂಡಿದ್ದೆ…
ಮಧ್ಯಾಹ್ನದ ಊಟದ ಹೊತ್ತಿಗೆ ಇಲ್ಲ!

ಗಾಬರಿಯಾಗಿ ಫೋನ್ ಮಾಡುತ್ತಿರುವವರು ದಯವಿಟ್ಟು ಸುಧಾರಿಸಿಕೊಳ್ಳಿ.
ನಮ್ಮ ಶಿಕಾರಿಪುರ ಕ್ರೈಸ್ತ ಸಭೆಯ ಯುವಜನ ಸಂಘದ ಅಧ್ಯಕ್ಷ ವಿಕ್ಟರಣ್ಣ ಕ್ಷೇಮ. ಬಿರಿಯಾನಿ ಎರಡು ಸಲ ಹಾಕಿಸಿಕೊಂಡಿದ್ದಾರೆ.
ತೀರಿಕೊಂಡಿದ್ದು ಅವರ ನಾಯಕತ್ವ ಮಾತ್ರ.
ಮೃತರಿಗೆ ಎರಡು ವರ್ಷ. ಬಹಳ ದಿನಗಳಿಂದ ಊದಿಕೊಂಡಿತ್ತು…

ಕಳೆದ ವಾರವಷ್ಟೇ ಅಣ್ಣ ಗೋಡೆಗೆ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರ್ ಬಿಟ್ಟು, ನಮಗೆಲ್ಲ ಕ್ಲಾಸ್ ತೆಗೆದುಕೊಂಡಿದ್ದರು.
ವಿಷಯ: ಸೌಲನಿಂದ ನಾಯಕರು ಕಲಿಯಬೇಕಾದ ಏಳು ಪಾಠ.

ಸೌಲ ಅಂದರೆ ಬೈಬಲಿನಲ್ಲಿ ಬರುವ ಇಸ್ರಾಯೇಲರ ಮೊದಲ ಅರಸ. ಎಲ್ಲರಿಗಿಂತ ಒಂದು ತಲೆ ಎತ್ತರ.
ಪ್ರವಾದಿ ಸಮುವೇಲ ಬಂದು ಬಲಿ ಅರ್ಪಿಸುವವರೆಗೆ ಕಾಯಬೇಕಿತ್ತು. ಕಾಯಲಿಲ್ಲ. ತಾನೇ ಅರ್ಪಿಸಿಬಿಟ್ಟ.
ಯಾಕಪ್ಪಾ ಅಂದರೆ, ಜನ ಚದರಿ ಹೋಗುತ್ತಿದ್ದರು ಅಂದ.
ಇದು ಮೂರನೇ ಸ್ಲೈಡು. ಕೆಂಪು ಅಕ್ಷರದಲ್ಲಿ… ‘ನಾಯಕ ಕಾಯಬೇಕು.’
ಅಣ್ಣ ಕೋಲಿನಿಂದ ಎಷ್ಟು ಜೋರಾಗಿ ಕುಟ್ಟಿ ತೋರಿಸಿದರೆಂದರೆ ಪಂಚೆ ತೂತಾಯಿತು.

ಇವತ್ತು ಪ್ರಥಮ ಫಲದ ಹಬ್ಬ. ಹೊಲದ ಮೊದಲ ಬೆಳೆ ತಂದು ದೇವರಿಗೆ ಒಪ್ಪಿಸಿ, ಆಮೇಲೆ ಹರಾಜು ಹಾಕುವ ದಿನ.
ನಮ್ಮ ಪಾದ್ರಿ ಅಯ್ಯನವರು ಒಬ್ಬರೇ, ಸಭೆ ಎರಡು. ಸೊರಬದಲ್ಲಿ ಬೆಳಗಿನ ಆರಾಧನೆ ಮುಗಿಸಿ, ಬಸ್ಸು ಹತ್ತಿ ಇಲ್ಲಿಗೆ ಬರಬೇಕು. ಬಸ್ಸು ಬರುವವರೆಗೆ ನಾವು ಹಾಡುತ್ತೇವೆ. ತಡವಾದರೆ ಇನ್ನೊಂದು ಹಾಡು. ಅಜ್ಜಿಯ ಕಾಲದಿಂದಲೂ ಹೀಗೇ… ಇದರಿಂದ ಯಾರೂ ಸತ್ತ ದಾಖಲೆ ಇಲ್ಲ.

ಉಡುತಡಿ ಕಡೆಯಿಂದ ಬಂದ ರಾಹೇಲಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದರು. ಮಡಿಲಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಮೆಕ್ಕೆಜೋಳದ ಮೊದಲ ತೆನೆಗಳು.
ಬಿತ್ತಿದವರು ಗಂಡ ಯಾಕೋಬಪ್ಪ. ಬಿತ್ತಿದ ಮೇಲೆ ಲಕ್ವ ಹೊಡೆದು ಹಾಸಿಗೆ ಹಿಡಿದರು.

“ಅಯ್ಯನೋರು ತೆನಿ ಮುಟ್ಟಿ ನಮ್ ಯಜಮಾನ್ರ ಹೆಸ್ರು ಹೇಳ್ಬೇಕಂತ ತಮ್ಮಾ… ಅದೊಂದು ಮಾಡಿಸ್ಕೊಂಡ್ ಬಾ ಅಂದಾರೆ.”
“ಆಯ್ತು ಕೂತ್ಕೊಳ್ರಿ ಅಮ್ಮಾ, ನಾನಿದೀನಲ್ಲ!” ಅಂದರು ವಿಕ್ಟರಣ್ಣ.

ಅದೇ ತೊಂದರೆ ಆಗಿದ್ದು… ಅವರು ಇದ್ದರು.

ಎರಡನೇ ಹಾಡಿಗೇ ಅಣ್ಣ ಗಡಿಯಾರ ನೋಡತೊಡಗಿದರು. ಊಟಕ್ಕೆ ಮೊದಲು ಅವರಿಗೆ ಸನ್ಮಾನವಿತ್ತು. ಶಾಲು ಕೊಂಡು ತಂದವರೂ ಅವರೇ.
ಸೀದಾ ವೇದಿಕೆ ಹತ್ತಿದರು. ಕೈ ಎತ್ತಿ ಪ್ರಾರ್ಥಿಸಿದರು. ಸಂಘ, ಸಮಿತಿ, ಹೊಸ ಸ್ಪೀಕರ್, ಸ್ಪೀಕರ್ ಕೊಡಿಸಿದ ತಾವು… ಎಲ್ಲರ ಹೆಸರೂ ಪರಲೋಕ ತಲುಪಿತು.
ಯಾಕೋಬಪ್ಪನ ಹೆಸರು ಬಿಟ್ಟು.
ಆಮೆನ್ ಅಂದವರೇ ಹರಾಜು ಶುರು. ಕುಂಬಳಕಾಯಿ ಹೋಯಿತು, ಹುಂಜ ಹೋಯಿತು, ರಾಹೇಲಮ್ಮನ ಮಡಿಲಿನಿಂದ ತೆನೆಯೂ ಹೋಯಿತು.

ತೆನೆ ಕೂಗಿ ಹಿಡಿದವನು ನಾನು. ತಮಾಷೆಗೆ.
ಆ ತಾಯಿಯ ಮುಖ ನೋಡಿದ್ದು ಆಮೇಲೆ…

ಓ ಅಗಲಿದ ನಾಯಕತ್ವವೇ…
ನಿನ್ನನ್ನು ಹೇಗೆ ಮರೆಯಲಿ?
ಕುರ್ಚಿ ಜೋಡಿಸುವಾಗ ನೀನು ಇರಲಿಲ್ಲ, ಫೋಟೋ ತೆಗೆಯುವಾಗ ತಪ್ಪಿಸಿಕೊಳ್ಳಲಿಲ್ಲ.
ಪಟ್ಟ ಕಟ್ಟಲು ಕರೆದಾಗ ಸೌಲ ಸಾಮಾನುಗಳ ನಡುವೆ ಅಡಗಿ ಕೂತಿದ್ದ. ಅವನಿಗೆ ಅಷ್ಟಾದರೂ ನಾಚಿಕೆ ಇತ್ತು.
ನೀನು ಆಯ್ಕೆಗೆ ಮೊದಲೇ ಬ್ಯಾನರಿನಲ್ಲಿದ್ದೆ!
ಬೇರೆಯವರು ಸೌಲನಿಂದ ಪಾಠ ಕಲಿಯುತ್ತಾರೆ… ನೀನು ಅವನ ಹತ್ತಿರ ಟ್ಯೂಷನ್‌ಗೇ ಹೋದೆ.

ಅಯ್ಯನವರು ಬಂದರು. ದಾರಿಯಲ್ಲಿ ಬಸ್ಸು ಪಂಕ್ಚರ್.
“ಯಾಕಮ್ಮಾ, ಬುಟ್ಟಿ ಖಾಲಿ ಇದೆ?”
ರಾಹೇಲಮ್ಮ ಬಾಯಿ ತೆರೆಯುವ ಮೊದಲೇ ಅಣ್ಣ ನುಗ್ಗಿದರು.
“ಜನ ಎದ್ದು ಹೋಗ್ತಿದ್ರು ಅಯ್ಯನೋರೇ… ಅದಕ್ಕೆ ನಾನೇ ಮುಗಿಸ್ಬಿಟ್ಟೆ!”
ಹಿಂದಿನಿಂದ ಯಾರೋ ಕೂಗಿದರು: “ಮೂರನೇ ಸ್ಲೈಡು ಅಣ್ಣೋ!”
(ನಾನಲ್ಲ ಎಂದು ಆಣೆ ಮಾಡಲಾರೆ.)

ಅಯ್ಯನವರು ಅಣ್ಣನ ಕಡೆ ನೋಡಲೇ ಇಲ್ಲ. “ನಡೀರಿ ಅಮ್ಮಾ, ನಿಮ್ಮನೆಗೇ ಹೋಗೋಣ” ಎಂದು ತಿರುಗಿದರು.
ಅಣ್ಣ ಓಡಿ ಅವರ ಬ್ಯಾಗು ಹಿಡಿದು ಜಗ್ಗಿದರು.
“ಒಂದ್ ಶಾಲಾದ್ರೂ ಹೊದಿಸಿ ಹೋಗ್ರಿ… ಜನ ನೋಡ್ತಿದಾರೆ!”
ಬ್ಯಾಗಿನ ಪಟ್ಟಿ ಕಿತ್ತು ಕೈಗೆ ಬಂತು.
ಸಮುವೇಲ ಬಿಟ್ಟು ಹೊರಟಾಗ ಅವನ ನಿಲುವಂಗಿಯ ಅಂಚು ಸೌಲನ ಕೈಗೆ ಹರಿದು ಬಂದಿತ್ತಲ್ಲ… ಥೇಟ್ ಹಾಗೇ.
ಸೌಲನ ಅರಸುತನ ಹೋದಂತೆ ಅಣ್ಣನ ನಾಯಕತ್ವವೂ ಅಲ್ಲೇ ಹೋಯಿತು; ವೈದ್ಯರನ್ನು ಕರೆಯುವ ಅಗತ್ಯ ಬೀಳಲಿಲ್ಲ.

ಅವರ ಆಟೋ ಹಿಂದೆ ನಾನು ಬೈಕಿನಲ್ಲಿ ತೆನೆ ಹೊತ್ತು ಹೋದೆ.
ರಾಹೇಲಮ್ಮನ ಕೈಗೆ ಕೊಟ್ಟೆ. “ತಪ್ಪಾಯ್ತು ಅಮ್ಮಾ” ಅಂದೆ. ಅವರು ಎಣಿಸಿ ನೋಡಿಕೊಂಡರು… ನನ್ನ ಯೋಗ್ಯತೆ ಅವರಿಗೂ ಗೊತ್ತು.

ಯಾಕೋಬಪ್ಪನ ಬಲಗೈ ಏಳುವುದಿಲ್ಲ. ಅಯ್ಯನವರು ಎಡಗೈಗೆ ಒಂದು ತೆನೆ ಕೊಟ್ಟು, ಅದರ ಮೇಲೆ ತಮ್ಮ ಕೈ ಇಟ್ಟು ಪ್ರಾರ್ಥಿಸಿದರು. ಹೆಸರು ಹೇಳಿದರು.
ಮುದುಕ ಕಣ್ಣು ಮುಚ್ಚಿಕೊಂಡೇ ತೊದಲಿದರು:
“ಇನ್ನೊಂದ್ಸಲ ಹೇಳ್ರೀ…”
ಅಯ್ಯನವರು ಇನ್ನೊಂದು ಸಲ ಹೇಳಿದರು. ಅವಸರವಿಲ್ಲದೆ.

ಹೋಗಿ ಬಾ, ವಿಕ್ಟರಣ್ಣನ ನಾಯಕತ್ವವೇ… ನಿನ್ನ ಆತ್ಮ ನೆಮ್ಮದಿಯಾಗಿ ಮಲಗಲಿ.
ಕರ್ತನೇ, ನಿನ್ನಲ್ಲಿ ಒಂದೇ ಬೇಡಿಕೆ…
ಇದನ್ನು ಮಾತ್ರ ಮೂರನೇ ದಿನ ಎಬ್ಬಿಸಬೇಡ.
ಆಮೆನ್.