ಮೂರನೆಯ ಸಂಚಿಕೆಯ ಕನ್ನಡ ಪುಟಗಳು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮದ್ರಾಸಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಿ.ಎ. ಇತಿಹಾಸ ಓದುತ್ತಿದ್ದೆ. ಅಪ್ಪ ರೈಲ್ವೆಯಲ್ಲಿದ್ದರು, ಮನೆ ಕ್ರೋಂಪೇಟೆಯಲ್ಲಿ. ಎರಡನೆಯ ವರ್ಷ ನಾನೂ ಒಬ್ಬ ಗೆಳತಿಯೂ ಸೇರಿ ಒಂದು ಪತ್ರಿಕೆ ಶುರುಮಾಡಿದೆವು. ಕಾಲೇಜಿನ ವಾರ್ಷಿಕ ಸಂಚಿಕೆಯಂತೆ ಕವನ, ಗುಂಪು ಫೋಟೋಗಳದ್ದಲ್ಲ. ನಮ್ಮಂಥ ಹುಡುಗಿಯರು ತಾವೇ ಹುಡುಕಿ, ವಿಚಾರಿಸಿ, ಅಡಿಟಿಪ್ಪಣಿ ಸಮೇತ ಇಂಗ್ಲಿಷಿನಲ್ಲಿ ಬರೆದ ಲೇಖನಗಳದ್ದು. ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪ್ ಮಾಡಿ, ಕಾಲೇಜು ಆಫೀಸಿನ ಸೈಕ್ಲೋಸ್ಟೈಲ್ ಯಂತ್ರದ ಹಿಡಿ ತಿರುಗಿಸಿ ಪ್ರತಿ ತೆಗೆಯುತ್ತಿದ್ದೆವು. ತಪ್ಪು ತಿದ್ದುವ ಕೆಂಪು ದ್ರವದ ವಾಸನೆ ಊಟದ ಡಬ್ಬಿಗೂ ಹತ್ತಿಕೊಂಡಿರುತ್ತಿತ್ತು.

ಗೆಳತಿ ಸಮಾಜಶಾಸ್ತ್ರದವಳು. ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲೇ ಇದ್ದ ವೈಷ್ಣವರ ಮನೆ ಅವಳದು. ಕನ್ನಡ ಮಾತಾಡುತ್ತಿದ್ದಳು, ಅರ್ಧ ತಮಿಳು ಬೆರೆಸಿ. ಓದಲು, ಬರೆಯಲು ಬರುತ್ತಿರಲಿಲ್ಲ. ಎರಡನೆಯ ಸಂಚಿಕೆಗೆ ಅವಳು ಸಿನಿಮಾದ ಎಕ್ಸ್‌ಟ್ರಾಗಳ ಬಗ್ಗೆ ಬರೆದಳು. ಕೋಡಂಬಾಕ್ಕಂನಲ್ಲಿ ಗದಗಿನ ಕಡೆಯ ಒಬ್ಬ ಹೆಂಗಸು ಅವಳಿಗೆ ಸಿಕ್ಕಿದ್ದರು. ನಾಟಕ ಕಂಪನಿಯಲ್ಲಿ ಪಾರ್ಟು ಮಾಡುತ್ತಿದ್ದವರು, ಕನ್ನಡ ಚಿತ್ರಗಳು ಅಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ಬಂದು ಅಲ್ಲೇ ಉಳಿದವರು. ಲೇಖನದ ಕೊನೆಯ ಎರಡು ಪುಟ ಪೂರ್ತಿ ಅವರದೇ ಮಾತು.

ನಾನು ಆ ಎರಡು ಪುಟಕ್ಕೆ ಅಡ್ಡಗೆರೆ ಎಳೆದೆ.

"ಇದಕ್ಕೆ ಆಧಾರ ಎಲ್ಲಿದೆ?" ಅಂದೆ.

"ಅವರೇ ಹೇಳಿದ್ದು. ನಾನೇ ಕೂತು ಕೇಳಿದೀನಿ. ಅದು ಪೋದಾದಾ, ಸಾಲ್ದಾ?"

"ಒಬ್ಬರ ಮಾತು ಆಧಾರ ಆಗಲ್ಲ ಕಣೇ. ಇದು ಕಥೆ ಥರ ಇದೆ."

ಅವಳು ಆ ಎರಡು ಹಾಳೆಗಳನ್ನು ಮಡಚಿ ಪುಸ್ತಕದೊಳಗಿಟ್ಟಳು. "ಸರಿ, ವಿಡು, ಹೋಗ್ಲಿ. ಎಡಿಟರ್ ನೀನು," ಎಂದಳು. ಸಂಪಾದಕಿ ಅವಳೂ ಹೌದು ಎನ್ನುವುದು ಆಗ ನನಗೆ ನೆನಪಾಗಲಿಲ್ಲ.

ಸಂಚಿಕೆ ಬಂದ ಮೇಲೆ ಒಂದು ಶನಿವಾರ ಬೆಳಿಗ್ಗೆ ಪ್ರತಿ ಕೊಟ್ಟು ಬರಲು ಇಬ್ಬರೂ ಕೋಡಂಬಾಕ್ಕಂಗೆ ಹೋದೆವು. ಆ ಹೆಂಗಸು ಚಾಪೆ ಹಾಸಿದರು, ಕಾಫಿ ಕೊಟ್ಟರು. ಗೆಳತಿ ಲೇಖನವನ್ನು ಕನ್ನಡದಲ್ಲಿ ಹೇಳುತ್ತಾ ಹೋದಳು: ಏಜೆಂಟರು, ದಿನಗೂಲಿ, ಬೆಳಿಗ್ಗೆ ಬರುವ ವ್ಯಾನು. ಅವರು ಕೊನೆಯ ತನಕ ಗಮನವಿಟ್ಟು ಕೇಳಿದರು.

"ಭಾಳ ಚಲೋ ಬರದೀರಿ," ಅಂದರು. ಆಮೇಲೆ, "ಆದ್ರ ನಾ ಹೇಳಿದ್ದು ಇದ್ರಾಗ ಎಲ್ಲೈತಿ?"

ಗೆಳತಿ ನನ್ನತ್ತ ತಿರುಗಲೂ ಇಲ್ಲ. "ಜಾಗ ಸಾಲ್ಲಿಲ್ಲಮ್ಮ," ಎಂದಳು.

"ಇರ್ಲಿ ಬಿಡ್ರಿ. ಇಷ್ಟ್ ವರ್ಷ ಕ್ಯಾಮೆರಾ ಮುಂದ ನಿಂತೀನಿ, ಒಂದ್ ಮಾತು ಆಡಾಕ ಕೊಟ್ಟಿಲ್ಲ. ನನಗೇನ್ ಹೊಸಾದಲ್ಲ."

ಇಬ್ಬರೂ ಸ್ಟೇಷನ್ನಿಗೆ ನಡೆದೆವು. ಪ್ಲಾಟ್‌ಫಾರಂ ಮೇಲೆ ನಾನೇ ಹೇಳಿದೆ: "ಮುಂದಿನ ಸಂಚಿಕೆಯಲ್ಲಿ ಅವರ ಮಾತು ಪೂರ್ತಿ ಹಾಕ್ತೀನಿ. ಕನ್ನಡದಲ್ಲೇ."

"ಕನ್ನಡ ಟೈಪ್‌ರೈಟರ್ ಎಲ್ಲಿದೆಯೇ?"

"ಕೈಯಲ್ಲಿ ಬರೀತೀನಿ."

"ನಂಗೆ ಓದಕ್ಕೆ ಬರಲ್ವೇ," ಎಂದು ಅವಳು ನಕ್ಕಳು. ಆ ನಗುವಿನಲ್ಲಿ ನನ್ನನ್ನು ಕ್ಷಮಿಸಿದ್ದಳೋ ಇಲ್ಲವೋ ಇವತ್ತಿಗೂ ಹೇಳಲಾರೆ.

ಪರೀಕ್ಷೆ ಮುಗಿಯುವ ಮೊದಲೇ ಅವಳ ಮದುವೆ ಗೊತ್ತಾಯಿತು. ಹುಡುಗನಿಗೆ ನಾಗಪುರದಲ್ಲಿ ವಿಮಾ ಕಂಪನಿಯ ಕೆಲಸ. ಹೊರಡುವ ಮುಂಚೆ ತನ್ನ ಟಿಪ್ಪಣಿ ಪುಸ್ತಕವನ್ನು ನನ್ನ ಕೈಗಿತ್ತಳು. ಬಿಚ್ಚಿ ನೋಡಿದರೆ ಆ ಹೆಂಗಸಿನ ಕನ್ನಡವನ್ನೆಲ್ಲ ತಮಿಳು ಲಿಪಿಯಲ್ಲಿ ಬರೆದುಕೊಂಡಿದ್ದಾಳೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಅವರು ಹೇಳಿದ್ದು ಕಾಳಿಯೋ ಗಾಳಿಯೋ? ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ, ಕಿವಿಗೆ ಸರಿ ಎನಿಸಿದ್ದನ್ನು ಬರೆದುಕೊಂಡೆ. ಓದುವಾಗ ಆ ಹೆಂಗಸಿನ ದನಿಯ ಹಿಂದೆ ಗೆಳತಿಯದೂ ಕೇಳುತ್ತಿತ್ತು. ಅವಳು ತಪ್ಪು ಕೇಳಿಸಿಕೊಂಡ ಕಡೆ ಬೆರಳಿಟ್ಟು ಸುಮ್ಮನೆ ಕೂತಿರುತ್ತಿದ್ದೆ. ಗೊತ್ತಾಗದ ಮಾತುಗಳನ್ನು ಕೋಡಂಬಾಕ್ಕಂಗೇ ಹೋಗಿ ಕೇಳಿದೆ. ಅವರು ಬೇಸರಪಡದೆ ತಿದ್ದಿದರು.

ಟೈಪ್ ಮಾಡದ ಸ್ಟೆನ್ಸಿಲ್ ಮೇಲೆ ಲೋಹದ ಕಡ್ಡಿಯಿಂದ ಬರೆಯಬೇಕು. ಒತ್ತಿದರೆ ಹಾಳೆ ಹರಿಯುತ್ತದೆ, ಹಗುರಾದರೆ ಅಕ್ಷರ ಮೂಡುವುದಿಲ್ಲ. ಕನ್ನಡದ ಸೊನ್ನೆಗಳೆಲ್ಲ ತೂತು ಬೀಳುತ್ತಿದ್ದವು. ಎರಡು ಪುಟಕ್ಕೆ ಹನ್ನೊಂದು ಸ್ಟೆನ್ಸಿಲ್ ಹಾಳು ಮಾಡಿದೆ. ಅಚ್ಚಾದ ಪುಟಗಳನ್ನು ಓದಿ ಹೇಳಿದಾಗ ಆ ಹೆಂಗಸು ಹೊಗಳಲೂ ಇಲ್ಲ, ಅಳಲೂ ಇಲ್ಲ. "ಇನ್ನೊಮ್ಮೆ ಓದು," ಅಂದರು. ಮೂರು ಸಲ ಓದಿದೆ.

ನಾಗಪುರಕ್ಕೂ ಒಂದು ಪ್ರತಿ ಕಳಿಸಿದೆ. ಅತ್ತೆಯವರಿಂದ ಓದಿಸಿ ಕೇಳಿದೆನೆಂದೂ, ಮುಂದೇನಾಯಿತು ಎಂದು ಅವರು ಕೇಳುತ್ತಿದ್ದಾರೆಂದೂ ಉತ್ತರ ಬಂತು. ಅಷ್ಟರಲ್ಲಿ ಆ ಹೆಂಗಸು ತಂಗಿಯ ಮನೆಗೆಂದು ಗದಗಿನ ಕಡೆಗೆ ಹೋಗಿಬಿಟ್ಟಿದ್ದರು. ನಾನೂ ಡಿಗ್ರಿ ಮುಗಿಸಿ ಕಾಲೇಜು ಬಿಟ್ಟೆ. ನಾಲ್ಕನೆಯ ಸಂಚಿಕೆ ಬರಲಿಲ್ಲ.

ಗೆಳತಿಯನ್ನು ಮತ್ತೆ ಕಂಡದ್ದು ಒಂದೇ ಸಲ, ಎಂಬತ್ತರ ದಶಕದ ನಡುವೆ, ಸೆಂಟ್ರಲ್ ಸ್ಟೇಷನ್ನಿನಲ್ಲಿ. ನಾನಾಗ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಚಿಕ್ಕಮ್ಮನನ್ನು ರೈಲು ಹತ್ತಿಸಲು ಹೋದರೆ ಅದೇ ಬೋಗಿಯ ಕಿಟಕಿಯಲ್ಲಿ ಅವಳು, ಮಡಿಲಲ್ಲಿ ಮಗು. ರೈಲು ಹೊರಡಲು ಹತ್ತು ನಿಮಿಷವಿತ್ತು.

"ಇಳೆಚ್ಚು ಪೋಯಿದೀಯಲ್ಲೇ, ಕಡ್ಡಿ ಥರ. ಸರಿಯಾಗಿ ಊಟ ಮಾಡಲ್ವಾ?" ಎಂದಳು. ಅಮ್ಮನ ಮಂಡಿನೋವು ಕೇಳಿದಳು. ಮಗುವಿನ ಹಲ್ಲು ತೋರಿಸಿದಳು. "ಈಗಲೂ ಬರೀತೀಯಾ?" ಎಂದು ಕೇಳಿದಳು. ಹೌದು ಎಂದೆ. ನೀನು, ಎಂದು ನಾನು ತಿರುಗಿ ಕೇಳಲಿಲ್ಲ. ಇಲ್ಲ ಎಂದುಬಿಟ್ಟರೆ ಎಂಬ ಭಯ. ಮಗುವಿನ ಕಾಲು ಹಿಡಿದುಕೊಂಡು ನಿಂತಿದ್ದೆ. ರೈಲು ಅಲುಗಿದಾಗ ಅವಳೇ ಮೆಲ್ಲನೆ ನನ್ನ ಬೆರಳು ಬಿಡಿಸಿದಳು.